ಬಂದದ್ದನ್ನೇ ಕೊಡುವ ಬಫರ್ ಯಾಕೆ ಬೇಕು?

"ಒಳಗೆ 2 ವೋಲ್ಟ್ ಕೊಟ್ಟರೆ ಹೊರಗೆ 2 ವೋಲ್ಟ್ ಬರುತ್ತದೆ. 4 ಕೊಟ್ಟರೆ 4 ಬರುತ್ತದೆ. ಹಾಗಾದರೆ ನಡುವೆ ಈ ಐಸಿ ಯಾಕೆ? ಒಂದು ತುಂಡು ತಂತಿ ಸಾಲದೇ?"

ಇಲೆಕ್ಟ್ರಾನಿಕ್ಸ್ ಕಲಿಯಲು ತೊಡಗಿದ ಹುಡುಗ ಹುಡುಗಿಯರು ಆಪ್ ಆಂಪ್ ಪಾಠಕ್ಕೆ ಬಂದಾಗ ಕೇಳುವ ಪ್ರಶ್ನೆ ಇದು. ಹೆಚ್ಚಿನವರಿಗೆ ಸಿಗುವ ಉತ್ತರವೂ ಒಂದೇ: "ಗೇನ್ ಒಂದು, ಇನ್‌ಪುಟ್ ಇಂಪೀಡೆನ್ಸ್ ಅನಂತ, ಔಟ್‌ಪುಟ್ ಇಂಪೀಡೆನ್ಸ್ ಸೊನ್ನೆ. ಇಷ್ಟು ಬರೆದರೆ ಅಂಕ ಸಿಗುತ್ತದೆ." ಅಂಕ ಸಿಗುತ್ತದೆ, ನಿಜ. ಆದರೆ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಮದ್ರಸದಲ್ಲಿ ಪಾಠ ಹೇಳುವ ನನಗೆ ಬಾಯಿಪಾಠದ ಬೆಲೆ ಗೊತ್ತಿದೆ. ಅರ್ಥವನ್ನು ಹಿಂದೆ ಬಿಟ್ಟು ಬಾಯಿಪಾಠ ಒಂದೇ ಮುಂದೆ ಹೋದರೆ ಮಗು ಎಲ್ಲಿ ಎಡವುತ್ತದೆ ಎಂಬುದೂ ಗೊತ್ತಿದೆ. ಟ್ರಾನ್ಸಿಸ್ಟರ್ ತನಕ ಹುಮ್ಮಸ್ಸಿನಿಂದ ಬಂದ ಎಷ್ಟೋ ಮಕ್ಕಳು ಈ ಬಫರ್‌ನ ಬಳಿ ನಿಂತು "ಇದು ನನ್ನ ತಲೆಗೆ ಹತ್ತುವುದಲ್ಲ" ಎಂದು ತೀರ್ಮಾನಿಸಿ ಬಿಡುತ್ತಾರೆ. ವಸ್ತುತಃ ಅವರ ತಲೆ ಸರಿಯಾಗಿಯೇ ಕೆಲಸ ಮಾಡಿದೆ. ಅವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಉತ್ತರ ಹೇಳಬೇಕಾದವರು ಅವಸರ ಮಾಡಿದ್ದಾರೆ, ಅಷ್ಟೇ.

ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಕೂರೋಣ. ಮನೆಯಲ್ಲಿ ಊಟದ ಮೇಜಿನ ಮೇಲೆ ತಂತಿ, ಬ್ಯಾಟರಿ ಹರಡಿಕೊಂಡು ಕೂರುವ ಮಗನೋ ಮಗಳೋ ಇದ್ದರೆ ತಾಯಂದಿರು ಕೂಡಾ ಇದನ್ನು ಓದಬಹುದು. ಲೆಕ್ಕ ಹೆಚ್ಚೇನೂ ಇಲ್ಲ, ಇರುವುದು ಗುಣಾಕಾರ ಭಾಗಾಕಾರ ಮಾತ್ರ.

ಮೊದಲು ಕಾಯಿಲೆ ಗೊತ್ತಾಗಬೇಕು, ಅನಂತರ ಔಷಧ. ಬಫರ್ ಎಂಬುದು ಯಾವ ಕಾಯಿಲೆಗೆ ಔಷಧ?

ಜುಮಾದ ದಿನ ಖುತ್ಬಾಕ್ಕೆ ಸ್ವಲ್ಪ ಮುಂಚೆ ಮಸೀದಿಯಲ್ಲಿ ವುಝೂ ಮಾಡುವ ಜಾಗವನ್ನು ನೆನಪಿಸಿಕೊಳ್ಳಿ. ಮೇಲಿನ ಟ್ಯಾಂಕಿನಿಂದ ಒಂದು ಸಪೂರ ಪೈಪು ಕೆಳಗಿಳಿದಿದೆ. ಒಬ್ಬರೇ ನಳ್ಳಿ ತಿರುಗಿಸಿದಾಗ ನೀರು ರಭಸದಿಂದ ಬರುತ್ತದೆ. ಹತ್ತು ನಳ್ಳಿಗಳನ್ನು ಒಮ್ಮೆಲೇ ತೆರೆದರೆ ಎಲ್ಲರಿಗೂ ನೂಲಿನಂಥ ಧಾರೆ. ಟ್ಯಾಂಕಿನ ನೀರು ಖಾಲಿಯಾಗಿಲ್ಲ, ಅದರ ಎತ್ತರವೂ ಇಳಿದಿಲ್ಲ. ಸಪೂರ ಪೈಪಿನೊಳಗೆ ಹರಿವು ಹೆಚ್ಚಿದಷ್ಟೂ ಒತ್ತಡ ಅಲ್ಲಿಯೇ ನಷ್ಟವಾಗುತ್ತದೆ.

ವಿದ್ಯುತ್ತಿನಲ್ಲಿಯೂ ಇದೇ ಕತೆ. ವೋಲ್ಟೇಜನ್ನು ನೀರಿನ ಒತ್ತಡ ಎಂದೂ ಕರೆಂಟನ್ನು ಹರಿವು ಎಂದೂ ತಿಳಿಯಿರಿ. ವೋಲ್ಟೇಜ್ ಕೊಡುವ ಪ್ರತಿಯೊಂದು ಮೂಲದ ಒಳಗೂ ಒಂದು ಸಪೂರ ಪೈಪು ಇರುತ್ತದೆ. ಅದಕ್ಕೆ ಮೂಲದ ಒಳ ತಡೆ ಎನ್ನೋಣ. ಆ ಮೂಲದಿಂದ ಯಾರೂ ಕರೆಂಟು ಎಳೆಯದಿದ್ದರೆ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ಎಳೆದರೆ ಕುಸಿಯುತ್ತದೆ. ಒಳ ತಡೆ ದೊಡ್ಡದಿದ್ದಷ್ಟೂ ಕುಸಿತ ದೊಡ್ಡದು.

ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಒಂದು 9 ವೋಲ್ಟ್ ಬ್ಯಾಟರಿ, ಎರಡು 10 ಕಿಲೋ ಓಮ್ ರೆಸಿಸ್ಟರ್, ಒಂದು 1 ಕಿಲೋ ಓಮ್ ರೆಸಿಸ್ಟರ್, ಒಂದು ಬ್ರೆಡ್‌ಬೋರ್ಡ್ ಮತ್ತು ಒಂದು ಮಲ್ಟಿಮೀಟರ್ ತಂದುಕೊಳ್ಳಿ. ನಾಲ್ಕು ಪಟ್ಟೆಯ ರೆಸಿಸ್ಟರ್‌ಗಳಲ್ಲಿ ಕಂದು, ಕಪ್ಪು, ಕಿತ್ತಳೆ ಇದ್ದರೆ 10 ಕಿಲೋ ಓಮ್. ಕಂದು, ಕಪ್ಪು, ಕೆಂಪು ಇದ್ದರೆ 1 ಕಿಲೋ ಓಮ್. ಎರಡು 10 ಕಿಲೋ ಓಮ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಬ್ಯಾಟರಿಯ ಎರಡು ತುದಿಗಳಿಗೆ ಕೊಡಿ. ಅವೆರಡೂ ಸೇರುವ ನಡುವಿನ ಬಿಂದುವಿನಲ್ಲಿ ಬ್ಯಾಟರಿಯ ಅರ್ಧ, ಅಂದರೆ 4.5 ವೋಲ್ಟ್ ಸಿಗುತ್ತದೆ. ಪಠ್ಯಪುಸ್ತಕ ಹೇಳಿದ್ದು ಸರಿ. ಈಗ ಆ ನಡು ಬಿಂದುವಿನಿಂದ ಬ್ಯಾಟರಿಯ ಮೈನಸ್‌ಗೆ 1 ಕಿಲೋ ಓಮ್ ಜೋಡಿಸಿ. ಅದು ನಮ್ಮ ಲೋಡ್, ಅಂದರೆ 4.5 ವೋಲ್ಟನ್ನು ಬಳಸಿಕೊಳ್ಳಲು ಬಂದ ಗಿರಾಕಿ. ಮೀಟರ್ ಈಗ ಏನು ತೋರಿಸುತ್ತದೆ? 4.5 ಅಲ್ಲ. ಕೇವಲ 0.75 ವೋಲ್ಟ್!

ಲೆಕ್ಕ ಸರಳ. ಕೆಳಗಿನ 10 ಕಿಲೋ ಓಮ್ ಮತ್ತು ಹೊಸದಾಗಿ ಬಂದ 1 ಕಿಲೋ ಓಮ್ ಅಕ್ಕಪಕ್ಕ ಕೂತು ಒಟ್ಟಿಗೆ 909 ಓಮ್ ಆದುವು. ಮೇಲೆ 10,000, ಕೆಳಗೆ 909. ಒಂಬತ್ತು ವೋಲ್ಟ್ ಇದೇ ಪ್ರಮಾಣದಲ್ಲಿ ಪಾಲಾಯಿತು. 9 ಗುಣಿಸು 909, ಭಾಗಿಸು 10,909. ಬಂತು 0.75. ಅರ್ಧ ಪಾಲು ಕೊಡುತ್ತೇನೆಂದು ಮಾತು ಕೊಟ್ಟ ಸರ್ಕಿಟ್, ಕೇಳಲು ಬಂದವನ ಮುಖ ನೋಡಿದ ಕೂಡಲೇ ಹನ್ನೆರಡನೇ ಒಂದು ಪಾಲಿಗೆ ಇಳಿಯಿತು. ತುಂಡು ತಂತಿ ಸಾಲದೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ತಂತಿ ವೋಲ್ಟೇಜನ್ನು ಆ ಕಡೆ ದಾಟಿಸುತ್ತದೆ, ಸರಿ. ಆದರೆ ಆ ಕಡೆಯ ಹಸಿವನ್ನು ಈ ಕಡೆಗೂ ದಾಟಿಸುತ್ತದೆ. ತಂತಿಗೆ ಒಮ್ಮುಖ ಎಂಬುದಿಲ್ಲ.

ಇದಕ್ಕಿಂತಲೂ ಕುತೂಹಲದ ಒಂದು ಸಂಗತಿಯಿದೆ. ಎರಡು 10 ಕಿಲೋ ಓಮ್‌ಗಳ ಬದಲು ಎರಡು 10 ಲಕ್ಷ ಓಮ್‌ಗಳನ್ನು, ಅಂದರೆ 1 ಮೆಗಾ ಓಮ್‌ಗಳನ್ನು ಹಾಕಿ ನೋಡಿ. ಯಾವ ಲೋಡೂ ಬೇಡ, ಮೀಟರ್ ಮಾತ್ರ ಹಿಡಿಯಿರಿ. ಅರ್ಧ ಎಂದರೆ 4.5 ಬರಬೇಕು. ಆದರೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಹಳದಿ ಬಣ್ಣದ ಮೀಟರ್‌ಗಳಲ್ಲಿ ಹಲವು 3 ವೋಲ್ಟ್ ತೋರಿಸುತ್ತವೆ. ಮೀಟರ್ ಕೆಟ್ಟಿದೆ ಎಂದು ಮರಳಿಸಲು ಹೊರಡಬೇಡಿ. ಅಂಥ ಮೀಟರ್‌ನ ಒಳ ತಡೆಯೂ ಸುಮಾರು 10 ಲಕ್ಷ ಓಮ್. ಅದು ಅಳೆಯಲೆಂದು ಬಂದು ತಾನೂ ಒಂದು ತುತ್ತು ತಿಂದಿತು. ಒಳ ತಡೆ 1 ಕೋಟಿ ಓಮ್ ಇರುವ ಉತ್ತಮ ಮೀಟರ್ ಕೂಡಾ ಇಲ್ಲಿ 4.5 ತೋರಿಸದು, ಸುಮಾರು 4.29 ತೋರಿಸುತ್ತದೆ. ವಿಚಾರಣೆಗೆಂದು ಬಂದವನೇ ಮನೆಯ ಸ್ಥಿತಿಯನ್ನು ಬದಲಿಸಿ ಹೋದಂತೆ. ಅಳತೆ ಮಾಡುವುದೆಂದರೆ ಸ್ವಲ್ಪ ತೆಗೆದುಕೊಳ್ಳುವುದೇ ಎಂಬ ಈ ಮಾತನ್ನು ಹೊಸಬರು ಎಷ್ಟು ಬೇಗ ಕಲಿತರೆ ಅಷ್ಟು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಬಫರ್ ಪಾಠವನ್ನು ಶುರು ಮಾಡಬೇಕಾದದ್ದೇ ಈ ಪ್ರಯೋಗದಿಂದ. ಸೂತ್ರದಿಂದ ಅಲ್ಲ.

ಈಗ ಔಷಧದ ಕಡೆಗೆ ಬರೋಣ. ನಮಗೆ ಎಂಥವನು ಬೇಕು? ಮೂಲದಿಂದ ಏನನ್ನೂ ಕೇಳದೆ ಅದರ ವೋಲ್ಟೇಜನ್ನು ಗಮನಿಸಬೇಕು. ಅದೇ ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡದೆ ಮುಂದಿನವರಿಗೆ ಕೊಡಬೇಕು. ಮುಂದಿನವರು ಎಷ್ಟು ಕರೆಂಟು ಎಳೆದರೂ ಅದನ್ನು ತನ್ನ ಕೈಯಿಂದ ಭರಿಸಬೇಕು.

ಅಂಥವನನ್ನು ನೀವು ಈಗಾಗಲೇ ನೋಡಿದ್ದೀರಿ. ಈದ್‌ಗಾಹ್‌ನಲ್ಲಿ ಸಾವಿರಾರು ಜನ ಸಫ್ ಕಟ್ಟಿ ನಿಂತಿದ್ದಾರೆ, ಕರೆಂಟು ಹೋಯಿತು, ಮೈಕ್ ನಿಂತಿತು ಎಂದುಕೊಳ್ಳಿ. ಇಮಾಮರ ತಕ್ಬೀರ್ ಹಿಂದಿನ ಸಾಲುಗಳಿಗೆ ಮುಟ್ಟುವುದಿಲ್ಲ. ಆಗ ನಡುವಿನ ಸಫ್‌ನಲ್ಲಿರುವ ಒಬ್ಬರು ಅದೇ ತಕ್ಬೀರನ್ನು ಗಟ್ಟಿಯಾಗಿ ಹೇಳುತ್ತಾರೆ. ಅವರೇ ಮುಕಬ್ಬಿರ್. ಪ್ರವಾದಿ(ಸ)ರ ಅಂತಿಮ ಅಸ್ವಾಸ್ಥ್ಯದ ದಿನಗಳಲ್ಲಿ ಅಬೂಬಕರ್(ರ)ರು ಪ್ರವಾದಿಯವರ(ಸ) ತಕ್ಬೀರನ್ನು ಜನರಿಗೆ ಕೇಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮುಕಬ್ಬಿರರ ಕೆಲಸವನ್ನು ಗಮನಿಸಿ. ಅವರು ಹೊಸದೇನನ್ನೂ ಹೇಳುವುದಿಲ್ಲ. ಒಂದು ಅಕ್ಷರ ಸೇರಿಸುವಂತಿಲ್ಲ, ಬಿಡುವಂತಿಲ್ಲ. "ಇಮಾಮರು ಹೇಳಿದ್ದನ್ನೇ ಹೇಳುವ ಇವರು ಯಾಕೆ ಬೇಕು" ಎಂದು ಹಿಂದಿನ ಸಾಲಿನಲ್ಲಿ ನಿಂತವರು ಯಾರೂ ಕೇಳುವುದಿಲ್ಲ. ಅವರು ಬಳಸುವುದು ತಮ್ಮದೇ ಉಸಿರನ್ನು, ಇಮಾಮರ ಉಸಿರನ್ನಲ್ಲ. ಇಮಾಮರ ಮೇಲೆ ಯಾವ ಹೊರೆಯೂ ಬೀಳದು, ಸಾವಿರ ಕಿವಿಗಳ ಹೊರೆ ಮುಕಬ್ಬಿರರ ಗಂಟಲಿನ ಮೇಲೆ.

ಬಫರ್ ಮಾಡುವುದೂ ಇದನ್ನೇ. ಅದಕ್ಕೆ ವೋಲ್ಟೇಜ್ ಫಾಲೋವರ್ ಎಂಬ ಇನ್ನೊಂದು ಹೆಸರಿದೆ. ಹಿಂಬಾಲಿಸುವವನು ಎಂದರ್ಥ. ಮುಕಬ್ಬಿರ್ ಕೂಡಾ ಇಮಾಮರನ್ನು ಹಿಂಬಾಲಿಸುವ ಒಬ್ಬ ಮಅ್‌ಮೂಮ್ ತಾನೇ? ಹೋಲಿಕೆ ಎಲ್ಲ ಕಡೆಗೂ ಸಲ್ಲದು, ಅದನ್ನೂ ಹೇಳಿಬಿಡುತ್ತೇನೆ. ಮುಕಬ್ಬಿರ್ ದನಿಯನ್ನು ಎತ್ತರಿಸುತ್ತಾರೆ. ಬಫರ್ ವೋಲ್ಟೇಜನ್ನು ಎತ್ತರಿಸುವುದಿಲ್ಲ. ಅದು ಎತ್ತರಿಸುವುದು ಕೊಡುವ ಸಾಮರ್ಥ್ಯವನ್ನು.

ಹಾಗಾದರೆ ಬಫರ್‌ನ ಉಸಿರು ಎಲ್ಲಿಂದ ಬರುತ್ತದೆ? ಇಲ್ಲಿ ಪಠ್ಯಪುಸ್ತಕಗಳ ಮೇಲೆ ನನಗೊಂದು ದೂರಿದೆ. ಆಪ್ ಆಂಪನ್ನು ಒಂದು ತ್ರಿಕೋನವಾಗಿ ಬರೆಯುತ್ತಾರೆ. ಎಡಗಡೆ ಪ್ಲಸ್ ಮತ್ತು ಮೈನಸ್ ಎಂಬ ಎರಡು ಇನ್‌ಪುಟ್, ಬಲಗಡೆ ಚೂಪಿನಲ್ಲಿ ಔಟ್‌ಪುಟ್. ಬ್ಯಾಟರಿಗೆ ಹೋಗುವ ಎರಡು ಕಾಲುಗಳನ್ನು ಎಷ್ಟೋ ಚಿತ್ರಗಳಲ್ಲಿ ತೋರಿಸುವುದೇ ಇಲ್ಲ. ಬಲ್ಲವರಿಗೆ ಅದು ಇದೆಯೆಂದು ಗೊತ್ತು. ಹೊಸಬನ ಪಾಡೇನು? ಒಳಗೆ ಬಂದ ಕರೆಂಟೇ ಹೊರಗೆ ಹೋಗುತ್ತದೆ ಎಂದು ಅವನು ಭಾವಿಸುತ್ತಾನೆ. ಹಾಗೆ ಭಾವಿಸಿದವನಿಗೆ ಬಫರ್ ಒಂದು ತಂತಿಯ ತುಂಡಿನಂತೆ ಕಂಡರೆ ಆಶ್ಚರ್ಯವಿಲ್ಲ. ಆ ಎರಡು ಕಾಲುಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಯಾವಾಗಲೂ ಬರೆಯಿರಿ. ಲೋಡ್‌ಗೆ ಹೋಗುವ ಕರೆಂಟು ಆ ಕಾಲುಗಳ ಮೂಲಕ ಬ್ಯಾಟರಿಯಿಂದ ಬರುತ್ತದೆ. ಇನ್‌ಪುಟ್‌ನಿಂದ ಬರುವುದು "ಎಷ್ಟು" ಎಂಬ ಆದೇಶ ಮಾತ್ರ.

ಇನ್ನು ಆ ಆದೇಶ ಹೇಗೆ ಅಷ್ಟು ನಿಖರವಾಗಿ ಪಾಲನೆಯಾಗುತ್ತದೆ ಎಂಬುದು. ಆಪ್ ಆಂಪ್‌ನ ಸ್ವಭಾವ ಒಂದೇ. ತನ್ನ ಪ್ಲಸ್ ಮತ್ತು ಮೈನಸ್ ಇನ್‌ಪುಟ್‌ಗಳ ನಡುವಿನ ವ್ಯತ್ಯಾಸವನ್ನು ನೋಡಿ ಅದನ್ನು ಲಕ್ಷದ ಆಸುಪಾಸಿನ ಪಟ್ಟು ದೊಡ್ಡದು ಮಾಡಿ ಔಟ್‌ಪುಟ್‌ನಲ್ಲಿ ಕೊಡುವುದು. ಹಾಗೆಯೇ ಬಿಟ್ಟರೆ ಅದು ಲಗಾಮಿಲ್ಲದ ಕುದುರೆ. ಸಣ್ಣ ವ್ಯತ್ಯಾಸಕ್ಕೂ ಒಂದು ತುದಿಗೆ ಓಡಿ ನಿಲ್ಲುತ್ತದೆ. ಬಫರ್‌ನಲ್ಲಿ ನಾವು ಮಾಡುವುದು ಒಂದೇ ಒಂದು ಕೆಲಸ: ಔಟ್‌ಪುಟ್‌ನಿಂದ ಒಂದು ತಂತಿಯನ್ನು ಹಿಂದಕ್ಕೆ ತಂದು ಮೈನಸ್ ಇನ್‌ಪುಟ್‌ಗೆ ಕಟ್ಟುವುದು. ಪ್ಲಸ್ ಇನ್‌ಪುಟ್‌ಗೆ ನಮ್ಮ 4.5 ವೋಲ್ಟ್. ಈಗ ಔಟ್‌ಪುಟ್ 4.4ರಲ್ಲಿದೆ ಎಂದಿಟ್ಟುಕೊಳ್ಳಿ. ಪ್ಲಸ್ ಹೆಚ್ಚಿದೆ, ಮೈನಸ್ ಕಡಿಮೆಯಿದೆ. ಆಪ್ ಆಂಪ್ ಔಟ್‌ಪುಟನ್ನು ಮೇಲಕ್ಕೆ ತಳ್ಳುತ್ತದೆ. 4.6ಕ್ಕೆ ಹೋಯಿತೋ, ಮೈನಸ್ ಹೆಚ್ಚಾಯಿತು, ಕೆಳಕ್ಕೆ ಎಳೆಯುತ್ತದೆ. ಎರಡೂ ಸಮನಾಗುವ ತನಕ ಸಮಾಧಾನವಿಲ್ಲ. ಲೋಡ್ ಬಂದು ಔಟ್‌ಪುಟನ್ನು ಕೆಳಕ್ಕೆ ಜಗ್ಗಿದರೆ ಅದು ಕೂಡಲೇ ಮೈನಸ್‌ನಲ್ಲಿ ತಿಳಿಯುತ್ತದೆ, ಆಪ್ ಆಂಪ್ ಇನ್ನಷ್ಟು ಕರೆಂಟು ಕೊಟ್ಟು ಸರಿಪಡಿಸುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಸೊನ್ನೆ ಎಂದು ಬಾಯಿಪಾಠ ಮಾಡಿದೆವಲ್ಲ, ಅದರ ಒಳಗುಟ್ಟು ಇದು. ಐಸಿಯ ಒಳಗೆ ತಡೆಯೇ ಇಲ್ಲವೆಂದಲ್ಲ, ಇರುವ ತಡೆಯಿಂದಾದ ನಷ್ಟವನ್ನು ಅದು ತಾನೇ ನೋಡಿ ತುಂಬಿಕೊಡುತ್ತದೆ.

ಪೂರ್ತಿ ಸಮನಾಗುವುದಿಲ್ಲ, ಕೂದಲೆಳೆಯ ಅಂತರ ಉಳಿಯಲೇಬೇಕು. ಔಟ್‌ಪುಟ್ 4.5 ವೋಲ್ಟ್ ಇರಲು ಲಕ್ಷ ಪಟ್ಟಿನ ಆಪ್ ಆಂಪ್‌ಗೆ ಬೇಕಾದ ವ್ಯತ್ಯಾಸ 45 ಮೈಕ್ರೋವೋಲ್ಟ್. ನಿಮ್ಮ ಮೀಟರ್‌ಗೆ ಅದು ಕಾಣಿಸದು.

ಔಟ್‌ಪುಟನ್ನು ಹಿಂದಕ್ಕೆ ತಂದು ತನ್ನನ್ನೇ ತಿದ್ದಿಕೊಳ್ಳುವ ಈ ಉಪಾಯಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರು. ಟೆಲಿಫೋನ್ ಆಂಪ್ಲಿಫಯರ್‌ಗಳ ಅಪಸ್ವರವನ್ನು ಕಡಿಮೆ ಮಾಡುವುದು ಹೇಗೆಂದು ವರ್ಷಗಟ್ಟಲೆ ಯೋಚಿಸುತ್ತಿದ್ದ ಹೆರಾಲ್ಡ್ ಬ್ಲ್ಯಾಕ್ ಎಂಬ ಅಮೆರಿಕದ ಇಂಜಿನಿಯರ್‌ಗೆ 1927ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನ ಬೆಲ್ ಪ್ರಯೋಗಾಲಯಕ್ಕೆ ಕೆಲಸಕ್ಕೆ ಹೋಗುವಾಗ ನದಿ ದಾಟುವ ದೋಣಿಯಲ್ಲಿ ಇದು ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೆಯೇ ಬರೆದುಕೊಂಡರು. ತಾನು ಏನು ಮಾಡಿದೆ ಎಂಬುದನ್ನು ನೋಡಿ ತಾನೇ ತಿದ್ದಿಕೊಳ್ಳುವ ಯಂತ್ರದ ವಿಚಾರ ಮಾತ್ರ ಇನ್ನೂ ಹಳೆಯದು. ಟ್ಯಾಂಕ್ ತುಂಬಿದಾಗ ನೀರನ್ನು ತಾನೇ ನಿಲ್ಲಿಸುವ ತೇಲುಬುರುಡೆ ನಮ್ಮ ಮನೆಗಳಲ್ಲಿದೆ. 9ನೇ ಶತಮಾನದ ಬಗ್ದಾದ್‌ನ ಬನೂ ಮೂಸಾ ಸಹೋದರರ ಯಂತ್ರಗಳ ಗ್ರಂಥದಲ್ಲಿ ತೇಲುವ ಕವಾಟಗಳ ಜಾಣ ಬಳಕೆಯಿದೆ. ಹಾಗೆಂದು ಆಪ್ ಆಂಪ್ ಕೂಡಾ ನಮ್ಮವರದೇ ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ. ಅವರು ತಮ್ಮ ಕಾಲಕ್ಕೆ ಕುಳಿತು ಕೆಲಸ ಮಾಡಿದರು, ನಾವು ಅವರ ಹೆಸರು ಹೇಳಿಕೊಂಡು ಕುಳಿತಿರುವುದೇ ಹೆಚ್ಚು.

ಸರಿ, ಈಗ ಬ್ರೆಡ್‌ಬೋರ್ಡ್‌ಗೆ ಮರಳೋಣ. ಎಲ್‌ಎಂ 358 ಎಂಬ ಎಂಟು ಕಾಲಿನ ಐಸಿ ತನ್ನಿ. ಒಂದೆರಡು ಚಹಾದ ಬೆಲೆಗೆ ಸಿಗುತ್ತದೆ. ಪಠ್ಯಪುಸ್ತಕಗಳು ಇಂದಿಗೂ 1968ರಲ್ಲಿ ಬಂದ 741ನ್ನೇ ಬರೆಯುತ್ತವೆ. ಅದು ಒಳ್ಳೆಯ ಐಸಿಯೇ, ಆದರೆ ಒಂದೇ ಬ್ಯಾಟರಿಯಲ್ಲಿ ಕಲಿಯುವವರಿಗೆ 358 ಹೆಚ್ಚು ಅನುಕೂಲ. ಎರಡರ ಕಾಲುಗಳ ಲೆಕ್ಕ ಬೇರೆ ಬೇರೆ ಎಂಬುದು ನೆನಪಿರಲಿ. 741ರಲ್ಲಿ ಔಟ್‌ಪುಟ್ 6ನೇ ಕಾಲು, ಬ್ಯಾಟರಿಯ ಪ್ಲಸ್ 7ನೇ ಕಾಲಿಗೆ. ಅದನ್ನು ನೋಡಿಕೊಂಡು 358ಕ್ಕೆ ತಂತಿ ಕೊಟ್ಟರೆ ಸರ್ಕಿಟ್ ನಡೆಯದು.

358ರ ಒಂದು ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ. ಅದು ನಿಮ್ಮ ಎಡಕ್ಕೆ ಬರುವಂತೆ ಬ್ರೆಡ್‌ಬೋರ್ಡ್‌ನ ನಡುವಿನ ಕಣಿವೆಯ ಮೇಲೆ ಐಸಿಯನ್ನು ಕೂರಿಸಿ. ಕೆಳಗಿನ ಸಾಲಿನ ಎಡತುದಿ 1ನೇ ಕಾಲು. ಅಲ್ಲಿಂದ ಬಲಕ್ಕೆ 2, 3, 4. ಮೇಲಿನ ಸಾಲಿನಲ್ಲಿ ಬಲದಿಂದ ಎಡಕ್ಕೆ 5, 6, 7, 8. ಬ್ಯಾಟರಿಯ ಪ್ಲಸ್ 8ಕ್ಕೆ, ಮೈನಸ್ 4ಕ್ಕೆ. ಇದನ್ನು ತಿರುಗು ಮುರುಗು ಕೊಟ್ಟರೆ ಐಸಿ ಬಿಸಿಯಾಗಿ ಸತ್ತೇ ಹೋಗಬಹುದು, ಆದ್ದರಿಂದ ಬ್ಯಾಟರಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ. 104 ಎಂದು ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಒಂದನ್ನು 8 ಮತ್ತು 4ರ ನಡುವೆ ಐಸಿಗೆ ಹತ್ತಿರದಲ್ಲಿ ಹಾಕಿ. 1ನೇ ಕಾಲು ಔಟ್‌ಪುಟ್, 2ನೆಯದು ಮೈನಸ್ ಇನ್‌ಪುಟ್. ಅವೆರಡನ್ನೂ ಒಂದು ಗೇಣು ಅಲ್ಲ, ಒಂದು ಇಂಚಿನ ತಂತಿಯಿಂದ ಸೇರಿಸಿ. ಎರಡು 10 ಕಿಲೋ ಓಮ್‌ಗಳ ನಡು ಬಿಂದುವನ್ನು 3ನೇ ಕಾಲಿಗೆ ಕೊಡಿ. ಬಫರ್ ಸಿದ್ಧ. ಲೋಡ್‌ನ 1 ಕಿಲೋ ಓಮನ್ನು ಈಗ 1ನೇ ಕಾಲಿನಿಂದ ಬ್ಯಾಟರಿಯ ಮೈನಸ್‌ಗೆ ಜೋಡಿಸಿ ಅಳೆಯಿರಿ.

4.5 ವೋಲ್ಟ್. ಲೋಡ್ ತೆಗೆದರೂ 4.5, ಇಟ್ಟರೂ 4.5. ಲೋಡ್ 4.5 ಮಿಲಿಆಂಪಿಯರ್ ಎಳೆಯುತ್ತಿದೆ, ಆ ಬಡಪಾಯಿ ರೆಸಿಸ್ಟರ್‌ಗಳಿಗೆ ಅದರ ಸುದ್ದಿಯೇ ಇಲ್ಲ.

ಮೀಟರ್ ಇಲ್ಲದವರು ಒಂದು ಕೆಂಪು ಎಲ್‌ಇಡಿ ಮತ್ತು 470 ಓಮ್ ರೆಸಿಸ್ಟರನ್ನು ಲೋಡ್ ಆಗಿ ಬಳಸಬಹುದು. ಬಫರ್ ಇಲ್ಲದೆ ನಡು ಬಿಂದುವಿಗೆ ನೇರ ಕೊಟ್ಟರೆ ಅದಕ್ಕೆ ಅರ್ಧ ಮಿಲಿಆಂಪಿಯರ್ ಸಿಕ್ಕಿ ಮಂಕಾಗಿ ಮಿಣುಗುತ್ತದೆ. ಬಫರ್‌ನ ಔಟ್‌ಪುಟ್‌ನಿಂದ ಕೊಟ್ಟರೆ 5ಕ್ಕಿಂತ ಹೆಚ್ಚು ಮಿಲಿಆಂಪಿಯರ್ ಸಿಕ್ಕಿ ಚೆನ್ನಾಗಿ ಬೆಳಗುತ್ತದೆ. ಈಗ 10 ಕಿಲೋ ಓಮ್‌ಗಳನ್ನು ಕಿತ್ತು 100 ಕಿಲೋ ಓಮ್‌ಗಳನ್ನು ಹಾಕಿ ಎರಡನ್ನೂ ಮತ್ತೆ ನೋಡಿ. ಬಫರ್ ಇಲ್ಲದ ಎಲ್‌ಇಡಿ ಕತ್ತಲ ಕೋಣೆಯಲ್ಲಿ ಹುಡುಕಬೇಕಾದಷ್ಟು ಮಂಕು, ಬಫರ್ ಇರುವ ಎಲ್‌ಇಡಿ ಮೊದಲಿನಷ್ಟೇ ಬೆಳಕು. ಮನೆಯ ಪುಟ್ಟ ಮಕ್ಕಳನ್ನೂ ಕರೆದು ತೋರಿಸಿ. "ತುಂಡು ತಂತಿ" ಮತ್ತು "ಬಫರ್" ಇವೆರಡರ ವ್ಯತ್ಯಾಸ ಸೂತ್ರವಿಲ್ಲದೆ ಅವರಿಗೂ ಕಾಣುತ್ತದೆ.

ಈಗ ಮಿತಿಗಳ ಮಾತು. ಅನಂತ, ಸೊನ್ನೆ ಎಂಬ ಪದಗಳನ್ನು ಅಕ್ಷರಶಃ ನಂಬಿ ಕೆಲಸಕ್ಕಿಳಿದವರು ತೊಂದರೆಗೆ ಸಿಲುಕುತ್ತಾರೆ. ಅನಂತ ಎಂಬುದು ಸೃಷ್ಟಿಯಾದ ವಸ್ತುಗಳಿಗೆ ಸಲ್ಲುವ ಗುಣವಲ್ಲ, ಐಸಿಗೂ ಇಲ್ಲ. 358ರ ಇನ್‌ಪುಟ್ ಕಾಲಿನಿಂದ ಸಾಮಾನ್ಯವಾಗಿ 45 ನ್ಯಾನೋ ಆಂಪಿಯರ್‌ನಷ್ಟು ಕರೆಂಟು ಹೊರಗೆ ಹರಿಯುತ್ತಿರುತ್ತದೆ. 10 ಕಿಲೋ ಓಮ್‌ಗಳ ಜೋಡಿಯಲ್ಲಿ ಅದರಿಂದಾಗುವ ತಪ್ಪು ಕಾಲು ಮಿಲಿವೋಲ್ಟ್‌ಗಿಂತಲೂ ಕಡಿಮೆ. ಅದೇ 1 ಮೆಗಾ ಓಮ್‌ಗಳ ಜೋಡಿಯಲ್ಲಿ ಇಪ್ಪತ್ತು ಮಿಲಿವೋಲ್ಟ್‌ಗಿಂತ ಮೇಲೆ. 3 ವೋಲ್ಟ್ ತೋರಿಸಿದ ಹಳದಿ ಮೀಟರ್‌ಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಇದೆ ಎಂಬುದು ಗೊತ್ತಿರಬೇಕು. ಇದೇ ಕಾರಣಕ್ಕೆ 3ನೇ ಕಾಲನ್ನು ಎಲ್ಲಿಗೂ ಜೋಡಿಸದೆ ಗಾಳಿಯಲ್ಲಿ ಬಿಡಬಾರದು, ಅಥವಾ ಬರೀ ಒಂದು ಕೆಪಾಸಿಟರ್‌ನ ಮೂಲಕ ಸಿಗ್ನಲ್ ಕೊಟ್ಟು ಸುಮ್ಮನಾಗಬಾರದು. ಆ ಸಣ್ಣ ಕರೆಂಟಿಗೆ ಹೋಗಲು ಒಂದು ದಾರಿ ಬೇಕೇ ಬೇಕು.

9 ವೋಲ್ಟ್ ಬ್ಯಾಟರಿಯಲ್ಲಿ 358ರ ಔಟ್‌ಪುಟ್ 9ರ ತನಕ ಏರದು. ಸುಮಾರು ಒಂದೂವರೆ ವೋಲ್ಟ್ ಕೆಳಗೆ, 7.5ರ ಹತ್ತಿರ ನಿಲ್ಲುತ್ತದೆ. ಸೊನ್ನೆಗಿಂತ ಕೆಳಗೆ ಇಳಿಯುವುದೂ ಇಲ್ಲ. ಮೈಕ್‌ನಿಂದ ಬರುವ ದನಿಯ ಸಿಗ್ನಲ್ ಸೊನ್ನೆಯ ಮೇಲೆ ಕೆಳಗೆ ತೂಗುವುದರಿಂದ ಅದನ್ನು ನೇರ ಕೊಟ್ಟರೆ ಅರ್ಧ ಕತ್ತರಿಸಿ ಹೋಗುತ್ತದೆ. ಅದನ್ನು ಮೊದಲು 4.5 ವೋಲ್ಟಿನ ಮೇಲೆ ಕೂರಿಸಬೇಕು. ಆ 4.5 ವೋಲ್ಟನ್ನು ಇಡೀ ಸರ್ಕಿಟ್‌ಗೆ ಹಂಚಲು ಬಳಸುವುದು ನಾವು ಈಗ ತಾನೇ ಕಟ್ಟಿದ ಬಫರನ್ನೇ! ಒಂದೇ ಬ್ಯಾಟರಿಯಲ್ಲಿ ನಡೆಯುವ ಹಲವು ಉಪಕರಣಗಳನ್ನು ಬಿಚ್ಚಿ ನೋಡಿದರೆ ಎರಡು ಸಮನಾದ ರೆಸಿಸ್ಟರ್ ಮತ್ತು ಒಂದು ಬಫರ್ ಸಿಗುತ್ತದೆ.

ಇನ್ನು, ಪ್ಲಸ್ ಮತ್ತು ಮೈನಸ್ ಇನ್‌ಪುಟ್‌ಗಳನ್ನು ಅದಲು ಬದಲು ಮಾಡಿದರೆ ತಿದ್ದಿಕೊಳ್ಳುವ ಗುಣ ಹೋಗಿ ತಪ್ಪನ್ನು ಬೆಳೆಸುವ ಗುಣ ಬರುತ್ತದೆ. ಔಟ್‌ಪುಟ್ ಒಂದು ತುದಿಗೆ ಅಂಟಿಕೊಂಡು ಕೂರುತ್ತದೆ. ಔಟ್‌ಪುಟ್‌ಗೆ ಉದ್ದದ ಶೀಲ್ಡ್ ಕೇಬಲ್ ಕಟ್ಟಿದರೆ ಕೆಲವೊಮ್ಮೆ ಬಫರ್ ತಾನಾಗಿಯೇ ನಡುಗಲು ತೊಡಗುತ್ತದೆ, 100 ಓಮ್‌ನ ಒಂದು ರೆಸಿಸ್ಟರನ್ನು ಕೇಬಲ್‌ಗೆ ಮುಂಚೆ ಹಾಕುವುದು ಅದಕ್ಕೆ ರೂಢಿಯ ಮದ್ದು. ಸ್ಪೀಕರನ್ನು ನೇರವಾಗಿ ಕಟ್ಟಲು ಹೋಗಬೇಡಿ. ಈ ಐಸಿ ಕೊಡಬಲ್ಲದ್ದು ಕೆಲವು ಹತ್ತು ಮಿಲಿಆಂಪಿಯರ್ ಮಾತ್ರ.

ಬಫರ್‌ನ ನಿಜವಾದ ಬೆಲೆ ತಿಳಿಯುವುದು ಮೂಲ ತೀರಾ ದುರ್ಬಲವಾಗಿರುವಲ್ಲಿ. ಇಸಿಜಿ ತೆಗೆಯುವಾಗ ಹೃದಯದಿಂದ ಚರ್ಮದ ಮೇಲೆ ಸಿಗುವುದು 1 ಮಿಲಿವೋಲ್ಟಿನ ಆಸುಪಾಸು. ಒಣ ಚರ್ಮದ ತಡೆ ದೊಡ್ಡದು. ಅದಕ್ಕೇ ನರ್ಸ್ ಜೆಲ್ ಹಚ್ಚುತ್ತಾರೆ, ಅದಕ್ಕೇ ಯಂತ್ರದ ಬಾಗಿಲಲ್ಲಿ ಏನನ್ನೂ ಕೇಳದೆ ಗಮನಿಸುವ ಇನ್‌ಪುಟ್‌ಗಳಿರುತ್ತವೆ. (ಇದನ್ನು ಓದಿ ಯಾರೂ ಮನೆಯಲ್ಲಿ ಕಟ್ಟಿದ ಸರ್ಕಿಟನ್ನು ಮೈಗೆ ಜೋಡಿಸಬೇಡಿ. ಆಸ್ಪತ್ರೆಯ ಯಂತ್ರಗಳಲ್ಲಿ ಗೋಡೆಯ ಕರೆಂಟು ಮೈಗೆ ತಲುಪದಂತೆ ಮಾಡಿರುವ ವ್ಯವಸ್ಥೆ ನಮ್ಮ ಬ್ರೆಡ್‌ಬೋರ್ಡಿನಲ್ಲಿ ಇಲ್ಲ.)

ನೀರಿನ, ಮಣ್ಣಿನ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮೀಟರ್ ಇನ್ನೂ ಒಳ್ಳೆಯ ಉದಾಹರಣೆ. ಅದರ ಗಾಜಿನ ಕಡ್ಡಿ 25 ಡಿಗ್ರಿ ಉಷ್ಣತೆಯಲ್ಲಿ ಒಂದು ಪಿಎಚ್ ಬದಲಾವಣೆಗೆ ಸುಮಾರು 59 ಮಿಲಿವೋಲ್ಟ್ ಕೊಡುತ್ತದೆ. ಕಡಿಮೆಯೇನಲ್ಲ, ಅಗ್ಗದ ಮೀಟರ್ ಕೂಡಾ 59 ಮಿಲಿವೋಲ್ಟನ್ನು ತೋರಿಸಬಲ್ಲದು. ಆದರೆ ಆ ಗಾಜಿನ ಒಳ ತಡೆ 10 ಕೋಟಿ ಓಮ್‌ನ ಮಟ್ಟದ್ದು. ಹಳದಿ ಮೀಟರ್ ಹಿಡಿದರೆ ನೂರರಲ್ಲಿ ಒಂದು ಪಾಲೂ ಉಳಿಯದು. ನಮ್ಮ 358 ಹಾಕಿದರೂ ಆಗದು. ಅದರ 45 ನ್ಯಾನೋ ಆಂಪಿಯರ್ ಆ ತಡೆಯ ಮೂಲಕ ಹರಿದರೆ 4.5 ವೋಲ್ಟಿನ ತಪ್ಪಾಗುತ್ತದೆ, ಅಳೆಯಬೇಕಾದದ್ದು 59 ಮಿಲಿವೋಲ್ಟ್! ಇಲ್ಲಿ ಸಿಎ 3140ರಂಥ, ಇನ್‌ಪುಟ್‌ನಲ್ಲಿ ಮಾಸ್‌ಫೆಟ್ ಇರುವ ಐಸಿ ಬೇಕು. ಅದರ ಇನ್‌ಪುಟ್ ಕರೆಂಟು 10 ಪಿಕೋ ಆಂಪಿಯರ್‌ನ ಮಟ್ಟದ್ದು, ತಪ್ಪು 1 ಮಿಲಿವೋಲ್ಟಿಗೆ ಇಳಿಯುತ್ತದೆ. ಆಗ ಐಸಿಗಿಂತ ಬೋರ್ಡಿನ ಮೇಲಿನ ಬೆವರಿನ ಬೆರಳಚ್ಚು ದೊಡ್ಡ ಶತ್ರು. ಕರಾವಳಿಯ ಮಳೆಗಾಲದ ಒದ್ದೆ ಗಾಳಿಯಲ್ಲಿ ಬೋರ್ಡಿನ ಮೈಮೇಲೆಯೇ ಕರೆಂಟು ಸೋರುತ್ತದೆ. ಆದ್ದರಿಂದ ಅಂಥ ಬೋರ್ಡನ್ನು ಸ್ಪಿರಿಟ್‌ನಿಂದ ತೊಳೆದು ಒಣಗಿಸಿ ಮುಚ್ಚಿಡುತ್ತಾರೆ. ಎಲ್ಲಾ ಬಫರ್‌ಗಳ ಚಿತ್ರ ಒಂದೇ ತ್ರಿಕೋನ, ಒಂದೇ ತಂತಿ. ಯಾವ ಮೂಲಕ್ಕೆ ಯಾವ ಐಸಿ ಎಂಬುದನ್ನು ಚಿತ್ರ ಹೇಳುವುದಿಲ್ಲ, ಮೇಲಿನಂಥ ಒಂದು ಗುಣಾಕಾರ ಹೇಳುತ್ತದೆ. ಮೂಲದ ತಡೆಯನ್ನು ಇನ್‌ಪುಟ್ ಕರೆಂಟಿನಿಂದ ಗುಣಿಸಿ. ಬಂದ ತಪ್ಪು ನಿಮಗೆ ಒಪ್ಪಿಗೆಯೇ ನೋಡಿ.

ಒಂದು ಕೆಲಸ ಬಾಕಿಯಿದೆ. 358ರೊಳಗೆ ಇರುವುದು ಎರಡು ಆಪ್ ಆಂಪ್, ನಾವು ಬಳಸಿದ್ದು ಒಂದು. ಇನ್ನೊಂದರ ಕಾಲುಗಳು 5, 6, 7. ಅವನ್ನು ಹಾಗೆಯೇ ತೆರೆದಿಟ್ಟರೆ ಆ ಅರ್ಧ ಗಾಳಿಯಲ್ಲಿನ ಸದ್ದಿಗೆಲ್ಲ ಅತ್ತಿತ್ತ ಓಡುತ್ತಾ ಮೊದಲರ್ಧಕ್ಕೂ ಕಿರಿಕಿರಿ ಮಾಡಬಹುದು. 7ನ್ನು 6ಕ್ಕೆ ಒಂದು ಸಣ್ಣ ತಂತಿಯಿಂದ ಸೇರಿಸಿ, 5ನ್ನು ಅದೇ 4.5 ವೋಲ್ಟಿನ ನಡು ಬಿಂದುವಿಗೆ ಕೊಡಿ. ಅದೂ ಒಂದು ಬಫರ್ ಆಗಿ 4.5 ವೋಲ್ಟಿನಲ್ಲಿ ತೆಪ್ಪಗೆ ಕೂರುತ್ತದೆ.